ಕಿಡ್ನಿ ಕಾಯಿಲೆ ಇದೆಯಾ? ವಸಡಿನ ಕಡೆಗೂ ಗಮನ ಕೊಡಿ

ಬ್ರಷ್ ಮಾಡಿ ಉಗಿದಾಗ ನೊರೆಯಲ್ಲಿ ರಕ್ತ ಕಾಣುತ್ತಿದೆಯಾ? ಕಿಡ್ನಿ ಕಾಯಿಲೆ ಇರುವವರು ಅದನ್ನು ಸುಮ್ನೆ ಬಿಡಬಾರದು. ಹಲ್ಲು ಮತ್ತು ವಸಡಿನ ಸಂದಿಯಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾದಿಂದ ಉರಿಯೂತ ಶುರುವಾಗುತ್ತದೆ, ಅದರ ಪರಿಣಾಮ ರಕ್ತದ ಮೂಲಕ ಇಡೀ ಮೈಗೆ ತಲುಪುತ್ತದೆ. ಕಿಡ್ನಿ ಕೆಟ್ಟವರ ಮೈಯಲ್ಲಿ ಮೊದಲೇ ಒಳಗೊಳಗೆ ಉರಿಯೂತ ಇರುತ್ತದೆ. ಎಷ್ಟೋ ಜನರಿಗೆ ರಕ್ತದಲ್ಲಿ ಸಿಆರ್‌ಪಿ (ಉರಿಯೂತ ಇದ್ದಾಗ ಏರುವ ಒಂದು ಪ್ರೋಟೀನ್) ಜಾಸ್ತಿ ಬರುವುದು ಅದಕ್ಕೇ. ವಸಡು ಸರಿಯಾದರೆ ಕಿಡ್ನಿ ವಾಸಿಯಾಗುತ್ತದೆ ಅಂತಲ್ಲ. ಆದರೆ ಉರಿಯೂತದ ಈ ಒಂದು ಮೂಲವನ್ನಂತೂ ನಾವೇ ತಗ್ಗಿಸಬಹುದು, ಅಲ್ವಾ?

ಮೆತ್ತನೆಯ ಬ್ರಷ್ ತೆಗೆದುಕೊಳ್ಳಿ. ಅದನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು, ಒತ್ತದೆ, ದಿನಕ್ಕೆ 2 ಸಲ 2 ನಿಮಿಷ ಉಜ್ಜಿ. ರಾತ್ರಿಯದ್ದನ್ನು ತಪ್ಪಿಸಲೇಬೇಡಿ. ಹಲ್ಲಿನ ಸಂದಿಗೆ ಫ್ಲಾಸ್ ಎಂಬ ತೆಳು ದಾರ ಅಥವಾ ಪುಟ್ಟ ಸಂದಿ ಬ್ರಷ್ ಬೇಕು. ಶುರುವಿನಲ್ಲಿ ಸ್ವಲ್ಪ ರಕ್ತ ಬಂದರೆ ಹೆದರಿ ನಿಲ್ಲಿಸಬೇಡಿ, ಕಡಿಮೆಯಾಗದಿದ್ದರೆ ತೋರಿಸಿ. ವಸಡು ಕೆಂಪಗಿಲ್ಲ ಅಂತ ಸಮಾಧಾನ ಪಟ್ಟುಕೊಳ್ಳುವುದೂ ಬೇಡ. ರಕ್ತಹೀನತೆಯಿಂದ ವಸಡು ಬಿಳುಚಿಕೊಂಡಿದ್ದರೆ ಉರಿಯೂತ ಕಣ್ಣಿಗೆ ಬೀಳುವುದಿಲ್ಲ. ನೀರು ಕುಡಿಯಲು ಮಿತಿ ಇದ್ದು ಬಾಯಿ ಒಣಗುತ್ತಿದ್ದರೆ ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಅಗಿಯಬಹುದು. ತಂಬಾಕು ಬಿಡಿ.

ಬಿಪಿಗೆ ಅಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ವಸಡು ಊದಿ ಹಲ್ಲಿನ ಮೇಲೆ ಬೆಳೆಯುತ್ತದೆ. ಹಾಗಂತ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಕಿಡ್ನಿ ಡಾಕ್ಟರಿಗೆ ಹೇಳಿ.

ಹಲ್ಲಿನ ಡಾಕ್ಟರ ಹತ್ತಿರ ಕೂತ ಕೂಡಲೇ ಕಿಡ್ನಿ ವಿಷಯ ಹೇಳಬೇಕು, ಮಾತ್ರೆಗಳ ಪಟ್ಟಿ, ಇತ್ತೀಚಿನ ರಕ್ತ ಪರೀಕ್ಷೆಯ ರಿಪೋರ್ಟ್ ಕೈಯಲ್ಲಿರಲಿ. ಡಯಾಲಿಸಿಸ್ ಇದ್ದರೆ ಅದರ ಮರುದಿನ ಹೋಗುವುದು ಒಳ್ಳೆಯದು. ಡಯಾಲಿಸಿಸ್ ಹೊತ್ತಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಪ್ರಭಾವ ಅಷ್ಟರಲ್ಲಿ ಇಳಿದಿರುತ್ತದೆ. ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರುವ ಕೈಗೆ ಬಿಪಿ ಪಟ್ಟಿ ಕಟ್ಟಲು ಬಿಡಬೇಡಿ. ಹಲ್ಲುನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗಬೇಡಿ, ಅವು ಉಳಿದಿರುವ ಕಿಡ್ನಿ ಶಕ್ತಿಗೂ ಪೆಟ್ಟು ಕೊಡುತ್ತವೆ. ಆಂಟಿಬಯೋಟಿಕ್ ಬರೆದುಕೊಟ್ಟರೆ ಡೋಸ್ ಕಿಡ್ನಿಗೆ ತಕ್ಕಂತಿದೆಯಾ ಅಂತ ಕೇಳಿ. ಕೇಳಲು ಸಂಕೋಚ ಬೇಡ.

ವಸಡಿನ ಸಂದಿಯ ಆಳ ಅಳೆಯಲು ಹೇಳಿ. 1ರಿಂದ 3 ಮಿಲಿಮೀಟರ್ ಇದ್ದರೆ ಸರಿ. 4 ಅಥವಾ ಅದಕ್ಕಿಂತ ಜಾಸ್ತಿ ಇದ್ದು, ರಕ್ತವೂ ಬರುತ್ತಿದ್ದರೆ ಬರೀ ಮೇಲಿನ ಕ್ಲೀನಿಂಗ್ ಸಾಲದು, ವಸಡಿನ ಒಳಗೆ ಹಲ್ಲಿನ ಬೇರಿನ ತನಕ ಕೆರೆದು ಶುಚಿ ಮಾಡಬೇಕಾಗಬಹುದು. ಕಿಡ್ನಿ ಕಸಿಗೆ ಕಾಯುತ್ತಿರುವವರು ಇದನ್ನೆಲ್ಲ ಮೊದಲೇ ಮುಗಿಸಿಕೊಳ್ಳಿ, ಕಸಿಯಾದ ಮೇಲೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳು ಶುರುವಾಗುತ್ತವೆ, ಆಗ ಬಾಯಲ್ಲಿರುವ ಸಣ್ಣ ಸೋಂಕೂ ದೊಡ್ಡದಾಗಬಹುದು.