ಊಟ ನೆನಪಲ್ಲಿ ಉಳಿಯಬೇಕಾ? ಮೆನು ಬಿಡಿ, ಗಡಿಯಾರ ನೋಡಿ

ಹಾಸನ, ಚಿಕ್ಕಮಗಳೂರು ಕಡೆ ಬರುವ ಸ್ನೇಹಿತರೆಲ್ಲ ನನ್ನನ್ನು ಕೇಳುವುದು ಒಂದೇ ಮಾತು. "ಊಟಕ್ಕೆ ಯಾವ ಹೋಟೆಲ್ ಚೆನ್ನಾಗಿದೆ?" ನಾನು ತಿರುಗಿ ಕೇಳುತ್ತೇನೆ, "ಎಷ್ಟು ಗಂಟೆಗೆ ಹೋಗ್ತೀರಾ?" ಅದೇ ಹೋಟೆಲ್ಲು, ಅದೇ ಕೈ, ಅದೇ ಸಾರು. ಆದರೂ ಹನ್ನೆರಡೂವರೆಗೆ ಉಂಡವರು ಹೊಗಳುತ್ತಾರೆ, ಮೂರು ಗಂಟೆಗೆ ಉಂಡವರು ಬೈದುಕೊಂಡು ಎದ್ದು ಬರುತ್ತಾರೆ.

ಇದು ನನಗೆ ಗೊತ್ತಾಗಿದ್ದು ಒಂದು ಭಾನುವಾರ. ಬೆಂಗಳೂರಿನಿಂದ ಭಾವನ ಮನೆಯವರು ಬಂದಿದ್ದರು. ಬೇಲೂರು, ಹಳೇಬೀಡು ಎಲ್ಲ ಸುತ್ತಿಸಿ ವಾಪಸ್ ಹಾಸನಕ್ಕೆ ಬರುವಾಗ ಮೂರು ಗಂಟೆ ದಾಟಿತ್ತು. ನಾನು ಯಾವಾಗಲೂ ಹೋಗುವ ಮಿಲಿಟರಿ ಹೋಟೆಲ್‌ಗೇ ಕರೆದುಕೊಂಡು ಹೋದೆ. ಮುದ್ದೆ ಮೇಲೆ ಸಿಪ್ಪೆ ಕಟ್ಟಿತ್ತು. ಸಾರಿಗೆ ನೀರು ಬೆರೆಸಿದ್ದು ಬಾಯಿಗಿಟ್ಟ ತಕ್ಷಣ ಗೊತ್ತಾಯಿತು. ಭಾವ ಏನೂ ಹೇಳಲಿಲ್ಲ, ತಟ್ಟೆ ಖಾಲಿ ಮಾಡಿದರು. ನನಗೆ ಮಾತ್ರ ತುಂಬಾ ಬೇಜಾರಾಯಿತು. ಎರಡು ವಾರ ಬಿಟ್ಟು ಬುಧವಾರ ಹನ್ನೆರಡೂವರೆಗೆ ಒಬ್ಬನೇ ಅಲ್ಲಿಗೆ ಹೋದೆ. ಮುದ್ದೆ ಎಷ್ಟು ಬಿಸಿ ಇತ್ತೆಂದರೆ ಬೆರಳು ಸಾರಲ್ಲಿ ಅದ್ದಿಕೊಂಡೇ ಮುರಿಯಬೇಕು. ಮುರಿದ ಕಡೆ ಹೊಳಪು, ಒಳಗೆ ಒಂದು ಗಂಟೂ ಇಲ್ಲ. ಸಾರಿನ ಮೇಲೆ ಎಣ್ಣೆ ತೆಳ್ಳಗೆ ಕೆಂಪಗೆ ನಿಂತಿತ್ತು. ಹೋಟೆಲ್ ಬದಲಾಗಿರಲಿಲ್ಲ, ನಾನು ಹೋದ ಹೊತ್ತು ಬದಲಾಗಿತ್ತು ಅಷ್ಟೇ.

ಹಾಗಾಗಿ ಮಿಲಿಟರಿ ಹೋಟೆಲ್‌ಗೆ ಹೋಗುವುದಾದರೆ ಹನ್ನೆರಡೂವರೆಯಿಂದ ಒಂದೂಕಾಲರ ಒಳಗೆ ಕೂತುಬಿಡಿ. ಬೆಳಗ್ಗೆ ತಂದ ಮಟನ್ ಮಧ್ಯಾಹ್ನದ ಹೊತ್ತಿಗೆ ಸಾರಾಗಿ ಇಳಿದಿರುತ್ತದೆ. ಬೋಟಿ, ತಲೆಮಾಂಸ, ಕಾಲು ಸೂಪು ಇವೆಲ್ಲ ಮಾಡುವುದೇ ಸ್ವಲ್ಪ. ಗೊತ್ತಿದ್ದವರು ಬೇಗ ಬಂದು ಮುಗಿಸಿಬಿಡುತ್ತಾರೆ. ಸೋಮವಾರ, ಶನಿವಾರ ನಮ್ಮ ಕಡೆ ತುಂಬಾ ಜನ ಮಾಂಸ ಮುಟ್ಟುವುದಿಲ್ಲ, ಶ್ರಾವಣದಲ್ಲಂತೂ ಇನ್ನೂ ಕಡಿಮೆ. ಆ ದಿನಗಳಲ್ಲಿ ವ್ಯಾಪಾರ ಇಳಿದಿರುತ್ತದೆ. ಇವತ್ತೇ ಮಾಡಿದ್ದಾ ಅಂತ ಕೇಳಿಯೇ ಹೇಳಿ.

ಕೇಳುವುದರಲ್ಲೂ ಒಂದು ರೀತಿ ಇದೆ. "ಏನು ಸ್ಪೆಷಲ್?" ಅಂದರೆ ಸಪ್ಲೈಯರ್ ಗೋಡೆ ಮೇಲಿನ ಬೋರ್ಡನ್ನು ಒಂದೇ ಉಸಿರಿಗೆ ಓದಿ ಮುಗಿಸುತ್ತಾನೆ. ಅದರಿಂದ ಏನೂ ತಿಳಿಯುವುದಿಲ್ಲ. "ಅಣ್ಣ, ಈಗ ಒಲೆಯಿಂದ ಇಳಿದಿದ್ದು ಏನು?" ಅಂತ ಕೇಳಿ. ಆಗ ಅವನು ಒಂದು ಕ್ಷಣ ಅಡುಗೆಮನೆ ಕಡೆ ತಿರುಗಿ ನೋಡುತ್ತಾನೆ. ಆಮೇಲೆ ಬರುವ ಉತ್ತರ ನಂಬಬಹುದು. ಒಂದು ಸಲ ನಾನು ಚಾಪ್ಸ್ ಹೇಳಿದ್ದಕ್ಕೆ, "ಬ್ಯಾಡ ಬಿಡಿ ಸಾರ್, ಕೈಮಾ ಉಂಡೆ ಈಗ್ತಾನೆ ಬಂತು" ಅಂದ ಹುಡುಗನ ಮಾತು ಕೇಳಿದ್ದೆ. ಉಂಡೆ ಬೆರಳಲ್ಲಿ ಒತ್ತಿದರೆ ಬಿರಿಯುತ್ತಿತ್ತು, ಒಳಗೆ ಸೋಂಪಿನ ಘಮ. ಅವತ್ತಿನಿಂದ ಆ ಹೋಟೆಲಲ್ಲಿ ನಾನು ಮೆನು ಮುಟ್ಟಿಲ್ಲ.

ನಾಟಿ ಕೋಳಿ ಬಗ್ಗೆ ಮಾತ್ರ ಸ್ವಲ್ಪ ಹುಷಾರಾಗಿರಿ. ಬೋರ್ಡಲ್ಲಿ ನಾಟಿ ಅಂತ ಇದ್ದರೂ ತಟ್ಟೆಗೆ ಗಿರಿರಾಜ ಅನ್ನುವ ಸುಧಾರಿತ ತಳಿಯ ಕೋಳಿ ಬರುವುದುಂಟು. ಅದೂ ತಿನ್ನಲಿಕ್ಕೆ ಚೆನ್ನಾಗಿಯೇ ಇರುತ್ತದೆ, ಆದರೆ ನಾಟಿ ರೇಟು ಕೊಟ್ಟ ಮೇಲೆ ನಾಟಿಯೇ ಸಿಗಬೇಕು ಅಲ್ವಾ? ನಾಟಿ ಆದರೆ ಮೂಳೆ ಗಟ್ಟಿ, ತುಂಡು ಚಿಕ್ಕದು, ಮಾಂಸ ಎಳೆ ಎಳೆಯಾಗಿ ಬರುತ್ತದೆ, ಸ್ವಲ್ಪ ಅಗಿಯಬೇಕು. ಬಾಯಿಗಿಟ್ಟರೆ ಹತ್ತಿ ಹಾಗೆ ಕರಗಿದರೆ ಅನುಮಾನಪಡಿ.

ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆ ಹೋದರೆ ಗಡಿಯಾರದ ಜೊತೆ ಕ್ಯಾಲೆಂಡರೂ ನೋಡಬೇಕು. ಮಳೆಗಾಲ ಹಿಡಿದರೆ ಕಳಲೆ ಬರುತ್ತದೆ. ಎಳೆ ಬಿದಿರನ್ನು ಹೆಚ್ಚಿ, ದಿನಾ ನೀರು ಬದಲಾಯಿಸುತ್ತಾ ಎರಡು ಮೂರು ದಿನ ನೆನೆಸಿಟ್ಟರೆ ಮಾತ್ರ ಅದರ ಕಹಿ, ನಂಜು ಹೋಗುವುದು. ಹಾಗಾಗಿ ಹೋಗಿ ಕೂತು "ಕಳಲೆ ಪಲ್ಯ ಕೊಡಿ" ಅಂದರೆ ಆಗುವುದಿಲ್ಲ. ಅದೇ ಮಳೆಯಲ್ಲಿ ಕೆಸುವಿನ ಎಲೆಯ ಪತ್ರೊಡೆ, ಅಣಬೆ, ಏಡಿ ಸಾರು. ಡಿಸೆಂಬರ್, ಜನವರಿಗೆ ಬಂದರೆ ಸೊಗಡು ಅವರೆ. ಹಿತಕಿದ ಬೇಳೆ ಸಾರು ಸಿಕ್ಕರೆ ಬೇರೆ ಏನನ್ನೂ ಕೇಳಬೇಡಿ, ಸುಮ್ನೆ ಅದನ್ನೇ ಹಾಕಿಸಿಕೊಳ್ಳಿ.

ವರ್ಷವಿಡೀ ಸಿಗುವುದು ಅಕ್ಕಿ ರೊಟ್ಟಿ, ಕಡುಬು. ಅಕ್ಕಿ ರೊಟ್ಟಿಗೆ ಆಯಸ್ಸು ಐದು ನಿಮಿಷ, ಆಮೇಲೆ ಚರ್ಮ. ಅದಕ್ಕೇ ನಾಲ್ಕು ಜನಕ್ಕೆ ಎಂಟು ರೊಟ್ಟಿ ಒಟ್ಟಿಗೆ ಹೇಳಬೇಡಿ, ಒಂದೊಂದೇ ತರಿಸಿ. ಕಡುಬು ಸ್ವಲ್ಪ ಹೊತ್ತು ತಡೆಯುತ್ತದೆ. ಅಕ್ಕಿ ತರಿ ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿಟ್ಟಿದ್ದು. ಮುರಿದಾಗ ಹಬೆ ಏಳಬೇಕು, ತರಿ ತರಿಯಾಗಿ ಬಿಡಿಸಿಕೊಂಡು ಕೋಳಿ ಸಾರು ಹೀರಬೇಕು.

ಚಿಕ್ಕಮಗಳೂರಿಗೆ ಆದಷ್ಟೂ ವಾರದ ಮಧ್ಯೆ ಹೋಗಿ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ನೋಡಲು ಬಂದವರೆಲ್ಲ ಇಳಿದು ಬಂದು ಒಂದೇ ಹೊತ್ತಿಗೆ ಊಟಕ್ಕೆ ನಿಲ್ಲುತ್ತಾರೆ. ಟೌನ್ ಕ್ಯಾಂಟೀನ್ ಮಸಾಲೆ ದೋಸೆ ತಿನ್ನಬೇಕು ಅಂತಿದ್ದರೆ ಬೆಳಗ್ಗೆ ಬೇಗ ಹೋಗಿ, ದೋಸೆ ತಿಂದೇ ಬೆಟ್ಟ ಹತ್ತಿ. ಚಾರ್ಮಾಡಿ ಕಡೆ ಇಳಿಯುವವರು ಕೊಟ್ಟಿಗೆಹಾರದಲ್ಲಿ ನೀರು ದೋಸೆಗೆ ಗಾಡಿ ನಿಲ್ಲಿಸಿ, ಮಂಜು ಇದ್ದರಂತೂ ಇನ್ನೂ ಚೆನ್ನ.

ಇನ್ನು ಬಾರ್ ಅಂಡ್ ರೆಸ್ಟೋರೆಂಟ್. ಕುಡಿಯುವುದು, ಬಿಡುವುದು ನಿಮ್ಮಿಷ್ಟ, ನಾನು ಹೇಳುವುದು ಊಟದ ವಿಷಯ. ನಮ್ಮ ಕಡೆ ಒಳ್ಳೆ ಹಂದಿ ಫ್ರೈ, ಒಳ್ಳೆ ಪೆಪ್ಪರ್ ಚಿಕನ್ ತುಂಬಾ ಸಲ ಸಿಕ್ಕಿದ್ದು ಇಂಥ ಕಡೆಯೇ. ಸಂಜೆ ಏಳಕ್ಕೆ ಹೋಗಿ. ಆಗ ಬಾಣಲೆಗೆ ಹೊಸ ಎಣ್ಣೆ ಬಿದ್ದಿರುತ್ತದೆ, ಅಡುಗೆಯವರಿಗೆ ಅವಸರ ಇರುವುದಿಲ್ಲ. ಒಂಬತ್ತಾದ ಮೇಲೆ ಎಲ್ಲ ಟೇಬಲ್‌ಗೂ ಒಂದೇ ಗ್ರೇವಿ. ಒಂದು ತಟ್ಟೆ ಹೇಳಿ, ತಿಂದು ನೋಡಿ, ಹಿಡಿಸಿದರೆ ಇನ್ನೊಂದು ಹೇಳಿ. ಊಟವನ್ನೂ ಮೊದಲೇ ಹೇಳಿಟ್ಟುಬಿಡಿ, ಕೊನೆಯಲ್ಲಿ ಕೇಳಿದರೆ ಮುದ್ದೆ ಖಾಲಿ ಅಂತಾರೆ. ಬಿಲ್ ಬಂದಾಗ ಒಂದು ಸಲ ಕಣ್ಣಾಡಿಸಿ: ಮಾಮೂಲಿ ಹೋಟೆಲ್ ಊಟಕ್ಕೆ ಜಿಎಸ್‌ಟಿ ಶೇಕಡಾ 5, ಮದ್ಯಕ್ಕೆ ಜಿಎಸ್‌ಟಿ ಇಲ್ಲವೇ ಇಲ್ಲ. ಸರ್ವಿಸ್ ಚಾರ್ಜ್ ಅಂತ ತಾವಾಗಿಯೇ ಸೇರಿಸುವ ಹಾಗಿಲ್ಲ ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಆ ದುಡ್ಡನ್ನು ಸಪ್ಲೈ ಮಾಡಿದ ಹುಡುಗನ ಕೈಗೇ ಕೊಡಿ. ಕುಡಿದಿದ್ದರೆ ಮಾತ್ರ ದಯವಿಟ್ಟು ಗಾಡಿ ಮುಟ್ಟಬೇಡಿ. ಮೊದಲ ಸಲಕ್ಕೇ 10,000 ರೂಪಾಯಿ ದಂಡವೋ ಜೈಲೋ ಆಗಬಹುದು, ಅದಕ್ಕಿಂತ ಹೆಚ್ಚಾಗಿ ನಮ್ಮ ರಸ್ತೆ ತಿರುವುಗಳಲ್ಲಿ ರಾತ್ರಿ ಮಂಜು ಬಿದ್ದರೆ ಕುಡಿಯದವರಿಗೇ ಕಷ್ಟ.

ಕೊನೆಗೆ, ಎಲ್ಲರೂ ಮರೆಯುವ ಕೆಲಸ ಒಂದಿದೆ. ಊಟ ಹಿಡಿಸಿದರೆ ಎದ್ದು ಬರುವಾಗ ಗಲ್ಲಾದಲ್ಲಿ ಫೋನ್ ನಂಬರ್ ಕೇಳಿ ಇಟ್ಟುಕೊಳ್ಳಿ. ಮುಂದಿನ ಸಲ ಮೂರು ದಿನ ಮೊದಲೇ ಫೋನ್ ಮಾಡಿ, "ಗುರುವಾರ ಆರು ಜನ ಬರ್ತೀವಿ ಅಕ್ಕ, ಕಡುಬು, ನಾಟಿ ಕೋಳಿ ಸಾರು, ಕಳಲೆ ಸಿಕ್ಕರೆ ಪಲ್ಯ" ಅಂತ ಹೇಳಿ. ಹೋದ ಜೂನ್‌ನಲ್ಲಿ ನಾನು ಹೀಗೇ ಮಾಡಿದೆ, ಭಾವನ ಮನೆಯವರನ್ನು ಮತ್ತೆ ಕರೆಸಿಕೊಂಡು. ಈ ಸಲ ಭಾವ ಎರಡನೇ ಸಲ ಸಾರು ಹಾಕಿಸಿಕೊಂಡರು, ನಾನು ಕೇಳುವ ಮೊದಲೇ.