ಕನ್ಸೋಲ್ ಏಳುವ ಮೊದಲೇ ಕರ್ನಲ್ ಸತ್ತರೆ ಲಾಗ್ ಹಿಡಿಯುವುದು ಹೇಗೆ

ಬೋರ್ಡಿನಲ್ಲಿ ಲಿನಕ್ಸಿನ ತಿರುಳಾದ ಕರ್ನಲನ್ನು ಎಬ್ಬಿಸುವ ಬೂಟ್‌ಲೋಡರ್, ಯು-ಬೂಟ್, ‘ಸ್ಟಾರ್ಟಿಂಗ್ ಕರ್ನಲ್’ ಅಂತ ಒಂದು ಸಾಲು ಹಾಕುತ್ತದೆ. ಆಮೇಲೆ ಏನೂ ಇಲ್ಲ. ನಮ್ಮ ಲ್ಯಾಬಿಗೆ ಹೊಸದಾಗಿ ಬಂದ ಹುಡುಗರು ಇದಕ್ಕೆ ‘ಹ್ಯಾಂಗ್ ಆಯ್ತು ಸಾರ್’ ಅನ್ನುತ್ತಾರೆ. ಬಹಳ ಸಲ ಅದು ಪ್ಯಾನಿಕ್, ಅಂದರೆ ಮುಂದೆ ಹೋಗಲಾಗದ ತಪ್ಪು ಕಂಡು ಕರ್ನಲ್ ತಾನೇ ನಿಂತದ್ದು. ಲಿನಕ್ಸ್ ಕರ್ನಲ್ ತನಗಾದದ್ದನ್ನೆಲ್ಲ ಮೆಮೊರಿಯ ಲಾಗ್ ಬಫರಿನಲ್ಲಿ ಬರೆದೇ ಸತ್ತಿರುತ್ತದೆ. ಅದನ್ನು ಹೊರಗೆ ಹಾಕಬೇಕಾದ ಕನ್ಸೋಲ್ ಡ್ರೈವರ್ ಇನ್ನೂ ಎದ್ದಿರುವುದಿಲ್ಲ, ಅಷ್ಟೇ.

‘ಕೆಡಂಪ್ ಇದೆಯಲ್ಲ, ಸಾಕಲ್ವಾ?’ ಅಂತ ಕೇಳುತ್ತಾರೆ. ಕರ್ನಲ್ ಸತ್ತಾಗ ಕ್ರ್ಯಾಶ್ ಕರ್ನಲ್ ಎಂಬ ಎರಡನೇ ಕರ್ನಲ್ ಎಬ್ಬಿಸಿ ಮೆಮೊರಿ ಉಳಿಸುವ ಏರ್ಪಾಡು ಅದು. ಸಾಲದು. ಕ್ರ್ಯಾಶ್ ಕರ್ನಲನ್ನು ಮೆಮೊರಿಗೆ ತುಂಬುವ ಸರ್ವಿಸ್ ಶುರುವಾಗುವುದು ಬೂಟ್ ಬಹುಪಾಲು ಮುಗಿದ ಮೇಲೆ. ಫೆಡೋರಾ ಲಿನಕ್ಸಿನ ಅರ್ಲಿ ಕೆಡಂಪ್ ಇದನ್ನು ಇನಿಟ್‌ರಾಮ್‌ಎಫ್‌ಎಸ್ (ಡಿಸ್ಕ್ ಸಿಗುವ ಮೊದಲಿನ ತಾತ್ಕಾಲಿಕ ಫೈಲ್ ಸಿಸ್ಟಮ್) ಹಂತಕ್ಕೆ ತರುತ್ತದೆ. ಅದಕ್ಕೂ ಮೊದಲು ಸತ್ತರೆ ಅದೂ ಇಲ್ಲ. ಲಾಗನ್ನು ನೆಟ್‌ವರ್ಕಿನ ಮೇಲೆ ಕಳಿಸುವ ನೆಟ್‌ಕನ್ಸೋಲ್‌ಗೆ ನೆಟ್‌ವರ್ಕ್ ಡ್ರೈವರ್ ಬೇಕು. ಕೊನೆಗೆ ಉಳಿಯುವುದು ಸೀರಿಯಲ್ ಕೇಬಲ್.

ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸುಲಭವಾಗಿ ಸಿಗುತ್ತದೆ. 3.3 ವೋಲ್ಟ್ ಲಾಜಿಕ್‌ನದ್ದೇ ಕೇಳಿ ತಗೊಳ್ಳಿ. 5 ವೋಲ್ಟಿನದ್ದು ರಾಸ್ಪ್‌ಬೆರಿ ಪೈಯ ಪಿನ್ನನ್ನೇ ಸುಟ್ಟುಬಿಡಬಹುದು. ಪೈಯಲ್ಲಿ 6ನೇ ಪಿನ್ ಗ್ರೌಂಡ್, 8 ಟಿಎಕ್ಸ್ (ಕಳಿಸುವುದು), 10 ಆರ್‌ಎಕ್ಸ್ (ಪಡೆಯುವುದು). ಬೋರ್ಡಿನ ಟಿಎಕ್ಸ್ ಅಡಾಪ್ಟರಿನ ಆರ್‌ಎಕ್ಸ್‌ಗೆ ಹೋಗಬೇಕು, ಆರ್‌ಎಕ್ಸ್ ಟಿಎಕ್ಸ್‌ಗೆ. ಅಡಾಪ್ಟರಿನ ಪವರ್ ಕೊಡುವ ಕೆಂಪು ವೈರ್ ಮುಟ್ಟಲೇಬೇಡಿ, ಬೋರ್ಡಿಗೆ ಅದರದ್ದೇ ಪವರ್ ಇದೆ. ಪೈಯ ಸೀರಿಯಲ್ ಪೋರ್ಟಿನ ಯಂತ್ರಾಂಶವಾದ ಯುಎಆರ್‌ಟಿ ಏಳಲು ಪೈಯ ಕಾನ್ಫಿಗ್ ಫೈಲಿನಲ್ಲಿ ‘ಎನೇಬಲ್_ಯುಎಆರ್‌ಟಿ=1’ ಇರಬೇಕು. ಇತ್ತ ಲ್ಯಾಪ್‌ಟಾಪಿನಲ್ಲಿ ಮಿನಿಕಾಮ್ ಎಂಬ ಸೀರಿಯಲ್ ಪ್ರೋಗ್ರಾಂ ತೆರೆದು 115200 ವೇಗ ಕೊಡಿ, ಫೈಲಿಗೂ ಲಾಗ್ ಬರೆಸಿ.

ಇನ್ನು ಕರ್ನಲ್ ಕಮ್ಯಾಂಡ್ ಲೈನ್, ಅಂದರೆ ಬೂಟ್‌ಲೋಡರ್ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ, ಮುಂದೆ ಬರುವ ‘ಟಿಟಿವೈಎಸ್0’ದ ಎಸ್ ಮಾತ್ರ ದೊಡ್ಡಕ್ಷರ. ಮೊದಲು ‘ಕ್ವೈಟ್’ ತೆಗೆದುಹಾಕಿ, ‘ಇಗ್ನೋರ್_ಲಾಗ್‌ಲೆವೆಲ್’ ಹಾಕಿ. ಆಮೇಲೆ ‘ಅರ್ಲಿಕಾನ್’. ಇದು ಪೂರ್ತಿ ಡ್ರೈವರಿಗೆ ಕಾಯದೆ ಯುಎಆರ್‌ಟಿ ರಿಜಿಸ್ಟರಿಗೆ ನೇರವಾಗಿ ಒಂದೊಂದೇ ಅಕ್ಷರ ತಳ್ಳುತ್ತದೆ. ಬೋರ್ಡಿನ ಯಂತ್ರಾಂಶದ ಪಟ್ಟಿಯಾದ ಡಿವೈಸ್ ಟ್ರೀಯಲ್ಲಿ ‘ಎಸ್‌ಟಿಡಿಔಟ್-ಪಾತ್’ ಇದ್ದರೆ ಆ ಒಂದು ಪದ ಸಾಕು. ಇಲ್ಲದಿದ್ದರೆ ಯುಎಆರ್‌ಟಿಯ ಬಗೆ, ವಿಳಾಸ ಎರಡನ್ನೂ ನೀವೇ ಕೊಡಬೇಕು. ಎಕ್ಸ್86 ಸರ್ವರ್ ಆದರೆ ‘ಅರ್ಲಿಪ್ರಿಂಟ್‌ಕೆ=ಸೀರಿಯಲ್,ಟಿಟಿವೈಎಸ್0,115200,ಕೀಪ್’.

ಆ ಕೊನೆಯ ‘ಕೀಪ್’ ಬಿಡಬೇಡಿ. ಅರ್ಲಿಕಾನ್ ಬಳಸಿದರೆ ಅದರ ಬದಲು ‘ಕೀಪ್_ಬೂಟ್‌ಕಾನ್’ ಹಾಕಿ. ಇವು ಇಲ್ಲದಿದ್ದರೆ ನಿಜವಾದ ಕನ್ಸೋಲ್ ಬಂದ ತಕ್ಷಣ ಈ ತಾತ್ಕಾಲಿಕದ್ದು ಬಾಯಿ ಮುಚ್ಚುತ್ತದೆ. ಬರುವವನೇ ಕೆಟ್ಟವನಾಗಿದ್ದರೆ? ಸಂದೇಶವೆಲ್ಲ ನಡುವೆಯೇ ಮಾಯ. ಇದನ್ನು ಹಾಕಿದರೆ ಸಾಲುಗಳು ಎರಡೆರಡು ಸಲ ಬರಬಹುದು, ಬರಲಿ ಬಿಡಿ.

ಎಲ್ಲಿ ನಿಂತಿತು ಅಂತಲೇ ಗೊತ್ತಾಗದಿದ್ದರೆ ‘ಇನಿಟ್‌ಕಾಲ್_ಡೀಬಗ್’ ಸೇರಿಸಿ. ಪ್ರತಿ ಇನಿಟ್‌ಕಾಲ್‌ಗೂ (ಬೂಟಿನಲ್ಲಿ ಡ್ರೈವರ್ ಮುಂತಾದವನ್ನು ಎಬ್ಬಿಸುವ ಫಂಕ್ಷನ್) ‘ಕಾಲಿಂಗ್’ ಅಂತ ಒಂದು ಸಾಲು, ಮುಗಿದಾಗ ‘ರಿಟರ್ನ್ಡ್’ ಅಂತ ಇನ್ನೊಂದು. ಕಾಲಿಂಗ್ ಬಂದು ರಿಟರ್ನ್ಡ್ ಬರದವನ ಮೇಲೆ ಮೊದಲ ಅನುಮಾನ.

ಈಗಿನ ಲ್ಯಾಪ್‌ಟಾಪುಗಳಲ್ಲಿ ಸೀರಿಯಲ್ ಪೋರ್ಟ್ ಎಲ್ಲಿದೆ? ಅಲ್ಲಿ ‘ಅರ್ಲಿಕಾನ್=ಇಎಫ್‌ಐಎಫ್‌ಬಿ’ ಹಾಕಿದರೆ ಅಕ್ಷರಗಳು ಪರದೆಯ ಮೇಲೇ ಬರುತ್ತವೆ. ಜೊತೆಗೆ ‘ಬೂಟ್_ಡಿಲೇ=100’ ಕೊಟ್ಟರೆ ಪ್ರತಿ ಸಾಲಿಗೂ 100 ಮಿಲಿಸೆಕೆಂಡ್ ತಡೆ, ಕರ್ನಲ್ ಬಿಲ್ಡಿನಲ್ಲಿ ಆ ಸೌಲಭ್ಯ ಇದ್ದರೆ ಮಾತ್ರ. ಆಗ ಮೊಬೈಲಿನಲ್ಲಿ ವಿಡಿಯೋ ಮಾಡಿ. ಸುಮ್ನೆ ಒಂದು ಫೋಟೋ ತೆಗೆದರೆ ಬಾಲ ಮಾತ್ರ ಸಿಗುತ್ತದೆ. ಬೇಕಾದ್ದು ಮೊದಲ ಊಪ್ಸ್, ಅಂದರೆ ಕರ್ನಲ್ ತನ್ನ ತಪ್ಪಿನ ಬಗ್ಗೆ ಬರೆಯುವ ವರದಿ. ಅದರ ಹಿಂದೆ ಬರುವವು ಹೆಚ್ಚಾಗಿ ಅದರದ್ದೇ ಪರಿಣಾಮ.

ಬೋರ್ಡ್ ಎಲ್ಲೋ ದೂರದ ಕಂಬದ ಮೇಲಿದ್ದರೆ ರಾಮೂಪ್ಸ್, ಅಂದರೆ ಸಾಯುವಾಗಿನ ಲಾಗನ್ನು ರೀಬೂಟಿನ ನಂತರಕ್ಕೂ ಉಳಿಸುವ ಕರ್ನಲ್ ಡ್ರೈವರ್. ರ್‍ಯಾಮಿನ ಒಂದು ಚೂರನ್ನು ಲಾಗ್‌ಗೆಂದು ಮೀಸಲಿಡಿ, ‘ಪ್ಯಾನಿಕ್=10’ ಕೊಡಿ. ಸತ್ತ 10 ಸೆಕೆಂಡಿಗೆ ತಾನೇ ರೀಬೂಟ್ ಆಗುತ್ತದೆ. ಮುಂದಿನ ಬಾರಿ ಸರಿಯಾಗಿ ಎದ್ದರೆ ಪಿಸ್ಟೋರ್ ಡೈರೆಕ್ಟರಿಯಲ್ಲಿ ಹಳೆಯ ಲಾಗ್ ಇರುತ್ತದೆ. ಪವರ್ ತೆಗೆದರೆ ಅದೂ ಹೋಯಿತು. ರಾಮೂಪ್ಸ್ ಡ್ರೈವರ್ ಏಳುವ ಮೊದಲೇ ಆದ ಪ್ಯಾನಿಕ್ಕೂ ಇದರಲ್ಲಿ ಸಿಗುವುದಿಲ್ಲ.

ಲಾಗ್ ಸಿಕ್ಕ ಮೇಲೆ ಬರಿಯ ವಿಳಾಸಗಳನ್ನು ದಿಟ್ಟಿಸಿ ಕೂರಬೇಡಿ. ಕರ್ನಲ್ ಸೋರ್ಸಿನ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿ ‘ಡೀಕೋಡ್_ಸ್ಟ್ಯಾಕ್‌ಟ್ರೇಸ್’ ಇದೆ. ಅದಕ್ಕೆ ಅದೇ ಬಿಲ್ಡಿನ, ಡೀಬಗ್ ಮಾಹಿತಿ ಇರುವ ವಿಎಂಲಿನಕ್ಸ್ (ಕುಗ್ಗಿಸದ ಕರ್ನಲ್) ಫೈಲ್ ಕೊಟ್ಟರೆ ಯಾವ ಫೈಲಿನ ಎಷ್ಟನೇ ಸಾಲು ಅಂತ ಹೇಳುತ್ತದೆ. ಡಿಸ್ಕ್ ತುಂಬಿತು ಅಂತ ಆ ಫೈಲನ್ನು ಅಳಿಸಬೇಡಿ. ಮತ್ತೆ ಬಿಲ್ಡ್ ಮಾಡಿದರೆ ವಿಳಾಸಗಳು ಹೊಂದುತ್ತವೆ ಅನ್ನುವ ಭರವಸೆ ಇಲ್ಲ.