ಸೋರ್ಸ್ ಕೊಟ್ರೆ ಸಾಲ್ದು, ವೀಲ್ ಕಟ್ಟಿ ಕೊಡಿ

ಬನಶಂಕರಿ ಕಡೆ ಒಂದು ಕಾಲೇಜಲ್ಲಿ ವರ್ಕ್‌ಶಾಪ್ ಮಾಡ್ದಾಗ, ಕನ್ನಡ ಅಕ್ಷರ ಬಿಡಿಸೋ ನನ್ನ ಪೈಥಾನ್ ಲೈಬ್ರರಿನ ಪಿಪ್ (ಪೈಥಾನ್ ಪ್ಯಾಕೇಜ್ ಹಾಕ್ಕೊಳೋ ಟೂಲ್) ಬಳಸಿ ಇನ್‌ಸ್ಟಾಲ್ ಮಾಡ್ಕೊಳಿ ಅಂದೆ. ಒಳಗೆ ಸ್ವಲ್ಪ ಸಿ ಕೋಡ್ ಇದೆ, ಪಿಪ್ ಪ್ಯಾಕೇಜ್ ತರೋ ಪೈಪಿಐ ಅನ್ನೋ ಸೈಟಿಗೆ ನಾನು ಸೋರ್ಸ್ ಮಾತ್ರ ಹಾಕಿದ್ದೆ, ಅಂದ್ರೆ ಆ ಸಿ ಕೋಡನ್ನ ಅವರವರ ಮಷೀನಲ್ಲೇ ಕಂಪೈಲ್ ಮಾಡ್ಬೇಕು. ಒಬ್ರಿಗೆ ಕಂಪೈಲರ್ ಇಲ್ಲ, ಇನ್ನೊಬ್ರಿಗೆ ಕಂಪೈಲ್ ಮಾಡಕ್ಕೆ ಬೇಕಾದ ಪೈಥಾನ್ ಹೆಡರ್ ಫೈಲ್ ಇಲ್ಲ, ವಿಂಡೋಸ್‌ನವ್ರಿಗೆ ಮೈಕ್ರೋಸಾಫ್ಟ್ ಬಿಲ್ಡ್ ಟೂಲ್ಸ್ ಬೇಕಂತೆ. ಊಟದ ಹೊತ್ತಾದ್ರೂ ಸ್ಕ್ರೀನ್ ತುಂಬ ಕೆಂಪು ಎರರ್. ಹಿಂದಿನ ಬೆಂಚಿನ ಹುಡುಗಿ "ನಂಗೆ ಪ್ರೋಗ್ರಾಮಿಂಗ್ ಹತ್ತಲ್ಲ ಅನ್ಸತ್ತೆ ಸರ್" ಅಂದ್ಲು. ಅವಳದ್ದೇನೂ ತಪ್ಪಿರ್ಲಿಲ್ಲ, ನಾನು ಮಾಡ್ಬೇಕಿದ್ದ ಕೆಲಸ ಅವಳ ತಲೆ ಮೇಲೆ ಹಾಕಿದ್ದೆ.

ವೀಲ್ ಅಂದ್ರೆ ಮೊದ್ಲೇ ಕಂಪೈಲ್ ಆಗಿರೋ ಒಂದು ಜಿಪ್ ಫೈಲ್ ಅಷ್ಟೆ. ಪೈಥಾನ್ ವರ್ಷನ್, ಓಎಸ್, ಪ್ರೊಸೆಸರ್ ಎಲ್ಲ ಫೈಲ್ ಹೆಸರಲ್ಲೇ ಇರತ್ತೆ, ಪಿಪ್ ಅದನ್ನ ನೋಡಿ ಹೊಂದೋದನ್ನ ಇಳಿಸ್ಕೊಳತ್ತೆ, ಯಾವ್ದೂ ಹೊಂದ್ಲಿಲ್ಲ ಅಂದ್ರೆ ಸೋರ್ಸ್ ತಂದು ಕಂಪೈಲ್ ಮಾಡಕ್ಕೆ ಕೂರತ್ತೆ.

ಜಾಸ್ತಿ ಎಡವೋದು ಲಿನಕ್ಸಲ್ಲಿ. ನಾನು ಮೊದ್ಲು ನನ್ನ ಉಬುಂಟು 24.04 ಮಷೀನಲ್ಲೇ ಕಟ್ಟಿ ಫ್ರೆಂಡ್‌ಗೆ ಪೆನ್‌ಡ್ರೈವಲ್ಲಿ ಕೊಟ್ಟೆ, ಅವನದ್ದು 22.04, ಇಬ್ರದ್ದೂ ಪೈಥಾನ್ 3.12, ಆದ್ರೂ ಇಂಪೋರ್ಟ್ ಮಾಡಿದ ತಕ್ಷಣ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) 2.38 ಸಿಕ್ಕಿಲ್ಲ ಅಂತ ಬಂತು. ನನ್ನಲ್ಲಿರೋದು 2.39, ಅದ್ರಲ್ಲಿ 2.38ರದ್ದೂ ಇರತ್ತೆ, ಅವನಲ್ಲಿ ಬರೀ 2.35. ಹಳೇ ಜಿಲಿಬ್‌ಸಿ ಮೇಲೆ ಕಟ್ಟಿದ್ದು ಹೊಸದ್ರಲ್ಲಿ ಓಡತ್ತೆ, ಹೊಸದ್ರಲ್ಲಿ ಕಟ್ಟಿದ್ದು ಹಳೇದ್ರಲ್ಲಿ ಓಡತ್ತೆ ಅಂತ ನಂಬೋಕಾಗಲ್ಲ. ಹಳೇ ಜಿಲಿಬ್‌ಸಿ ಮೇಲೆ ಕಟ್ಟೋಕೇ ಮೆನಿಲಿನಕ್ಸ್ ಡಾಕರ್ ಇಮೇಜ್‌ಗಳು (ಬೇಕಾದ ಟೂಲ್ಸ್ ಮೊದ್ಲೇ ತುಂಬಿಟ್ಟ ಲಿನಕ್ಸ್ ಪೊಟ್ಟಣಗಳು) ಇರೋದು: ಮೆನಿಲಿನಕ್ಸ್ 2014 ಅನ್ನೋದು ಸೆಂಟ್‌ಓಎಸ್ 7 ಮೇಲೆ, ಮೆನಿಲಿನಕ್ಸ್ 2.28 (ಈ ನಂಬರ್ ಜಿಲಿಬ್‌ಸಿ ವರ್ಷನ್ನು) ಆಲ್ಮಾಲಿನಕ್ಸ್ 8 ಮೇಲೆ. ಸೆಂಟ್‌ಓಎಸ್ 7ರ ಸಪೋರ್ಟ್ 2024ರ ಜೂನಲ್ಲೇ ಮುಗೀತು, ಹೊಸದಾಗಿ ಶುರು ಮಾಡೋರು 2.28 ಹಿಡೀರಿ.

ಇದನ್ನೆಲ್ಲ ಕೈಯಲ್ಲಿ ಮಾಡ್ಬೇಡಿ. ಸಿಐಬಿಲ್ಡ್‌ವೀಲ್ ಅಂತ ಟೂಲ್ ಇದೆ, ಗಿಟ್‌ಹಬ್ ಆಕ್ಷನ್ಸಲ್ಲಿ (ಗಿಟ್‌ಹಬ್ ತಾನಾಗೇ ಬಿಲ್ಡ್ ಓಡಿಸೋ ಸೌಲಭ್ಯ) ಉಬುಂಟು, ವಿಂಡೋಸ್, ಮ್ಯಾಕ್ ಮೂರೂ ಕೊಟ್ಬಿಟ್ರೆ ಪ್ರತಿ ಪೈಥಾನ್ ವರ್ಷನ್‌ಗೂ ವೀಲ್ ಕಟ್ಟತ್ತೆ. ಲಿನಕ್ಸಲ್ಲಿ ಅದೇ ಆಡಿಟ್‌ವೀಲ್ ಅನ್ನೋ ಇನ್ನೊಂದು ಟೂಲ್ ಓಡಿಸಿ, ನಿಮ್ಮ ಕೋಡ್ ಹೊರಗಿಂದ ಬಳಸೋ ಸಿ ಲೈಬ್ರರಿಗಳನ್ನೂ ಒಳಗೆ ಸೇರ್ಸತ್ತೆ, ಹಂಗಾಗಿ ಅವುಗಳ ಲೈಸೆನ್ಸ್ ಫೈಲ್ ಜೊತೇಲಿಡೋದು ಮರೀಬೇಡಿ.

ಸಿಐಬಿಲ್ಡ್‌ವೀಲ್‌ಗೆ ಟೆಸ್ಟ್ ಕಮಾಂಡ್ ಖಂಡಿತ ಹಾಕಿ, ಬರೀ ಇಂಪೋರ್ಟ್ ಆದ್ರೆ ಸಾಲಲ್ಲ. ನಂದ್ರಲ್ಲಿ "ಸ್ತ್ರೀ" ಅನ್ನೋ ಪದ ಕೊಡ್ತೀನಿ, ಪೈಥಾನ್ ಲೆಕ್ಕಕ್ಕೆ ಅದು 6 ಕೋಡ್‌ಪಾಯಿಂಟ್ (ಯೂನಿಕೋಡ್ ನಂಬರ್), ಕನ್ನಡದ ಲೆಕ್ಕಕ್ಕೆ ಒಂದೇ ಅಕ್ಷರ, ಲೈಬ್ರರಿ ಒಂದು ಅನ್ನದಿದ್ರೆ ಬಿಲ್ಡ್ ಫೇಲ್ ಆಗ್ಬೇಕು.

ಮೊದ್ಲು ಪ್ರಯೋಗಕ್ಕೇ ಇರೋ ಟೆಸ್ಟ್‌ಪೈಪಿಐಗೆ ಹಾಕಿ ನೋಡಿ, ಯಾಕಂದ್ರೆ ಪೈಪಿಐಲಿ ಒಂದ್ಸಲ ಹಾಕಿದ ಫೈಲ್ ಹೆಸರನ್ನ ಡಿಲೀಟ್ ಮಾಡಿದ್ರೂ ಮತ್ತೆ ಬಳಸೋಕಾಗಲ್ಲ. ಪಾಸ್‌ವರ್ಡ್, ಟೋಕನ್ ಇಟ್ಕೊಳೋ ಬದ್ಲು 2023ರಲ್ಲಿ ಬಂದ ಟ್ರಸ್ಟೆಡ್ ಪಬ್ಲಿಷಿಂಗ್ (ನಿಮ್ಮ ಗಿಟ್‌ಹಬ್ ಆಕ್ಷನ್ಸನ್ನೇ ಪೈಪಿಐ ನಂಬೋ ವ್ಯವಸ್ಥೆ) ಸೆಟ್ ಮಾಡ್ಕೊಳಿ. ಸೋರ್ಸ್ ಪ್ಯಾಕೇಜೂ ಜೊತೇಲಿರ್ಲಿ, ಸೋರ್ಸಿಂದಲೇ ಪ್ಯಾಕೇಜ್ ಕಟ್ಟೋ ಡೆಬಿಯನ್ ಥರದ ಲಿನಕ್ಸ್‌ನವ್ರಿಗೆ ಅದು ಬೇಕು.

ಕೊನೇಗೆ ಡಾಕರಲ್ಲಿ ಪೈಥಾನ್ ಸ್ಲಿಮ್ ಇಮೇಜ್ ತೆಗೆದು ವೀಲ್ ಮಾತ್ರ ತರೋ ಓನ್ಲಿ ಬೈನರಿ ಆಪ್ಷನ್ ಹಾಕಿ ಇನ್‌ಸ್ಟಾಲ್ ಮಾಡಿ. ಆ ಇಮೇಜಲ್ಲಿ ಕಂಪೈಲರೇ ಇರಲ್ಲ, ಆ ಹುಡುಗಿಯ ಲ್ಯಾಪ್‌ಟಾಪಲ್ಲೂ ಇರ್ಲಿಲ್ಲ.